ಏಲಿಯನ್ಸ್ ನೋಡಲೋ, ಸ್ಟಾರ್‌ಶಿಪ್ ಟ್ರೂಪರ್ಸ್ ನೋಡಲೋ?

ಎರಡೂ ಸೈನ್ಸ್ ಫಿಕ್ಷನ್, ಎರಡೂ ಯುದ್ಧದ ಸಿನಿಮಾ.

ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’ (1986) ಹಿಂದೆ ವಿಯೆಟ್ನಾಂ ಯುದ್ಧದ ನೆರಳಿದೆ. ಸೈನಿಕರ ಕೈಯಲ್ಲಿ ಭಾರೀ ಬಂದೂಕು, ಬಾಯಲ್ಲಿ ಬಡಾಯಿ. ಎದುರಾಳಿಯ ಬಗ್ಗೆ ಮಾತ್ರ ಏನೂ ಗೊತ್ತಿಲ್ಲ. ಅನುಭವವಿಲ್ಲದ ಲೆಫ್ಟಿನೆಂಟ್ ವಾಹನದೊಳಗೆ ಕೂತು, ಪರದೆ ನೋಡುತ್ತಾ ಆದೇಶ ಕೊಡುತ್ತಾನೆ. ಮೊದಲ ದಾಳಿಯಲ್ಲೇ ತುಕಡಿ ಚೆಲ್ಲಾಪಿಲ್ಲಿ. ಆ ದಿಗಿಲು ನಮ್ಮನ್ನೂ ಹಿಡಿಯುತ್ತದೆ.

‘ಸ್ಟಾರ್‌ಶಿಪ್ ಟ್ರೂಪರ್ಸ್’ (1997) ಯುದ್ಧಕ್ಕಿಂತ ಜಾಸ್ತಿ ಯುದ್ಧಪ್ರಚಾರದ ಬಗ್ಗೆ. ನಿರ್ದೇಶಕ ಪಾಲ್ ವರ್ಹೋವನ್ ನಾಜಿಗಳ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಬಾಲ್ಯ ಕಳೆದವರು. ನಡುನಡುವೆ ಬರುವ ‘ಸೇನೆ ಸೇರಿ’ ಜಾಹೀರಾತುಗಳನ್ನು ಗಮನಿಸಿ, ಅವು ಆ ಕಾಲದ ಪ್ರಚಾರದ ಅಣಕ. ಸುಮ್ನೆ ಅನ್ಯಗ್ರಹದ ದೈತ್ಯ ಹುಳ ಕೊಲ್ಲುವ ಸಿನಿಮಾ ಅಂದುಕೊಂಡರೆ ಅರ್ಧ ಕೈತಪ್ಪುತ್ತದೆ.

ಸೈನಿಕನ ಭಯ ಬೇಕಿದ್ದರೆ ಮೊದಲನೆಯದು. ನನ್ನ ಮತವೂ ಅದಕ್ಕೇ. ಎರಡನೆಯದರಲ್ಲಿ ರಕ್ತಪಾತ ಜಾಸ್ತಿ, ಮಕ್ಕಳ ಜೊತೆ ಬೇಡ.