ಒಂದು ಬಸ್ಸಿಗೆ ಇಬ್ಬರು ಕಂಡಕ್ಟರ್: ಹಳೇ ಕಂಪ್ಯೂಟರು, ಹಳೇ ಆ್ಯಂಟಿವೈರಸ್, ಹನ್ನೊಂದು ವರ್ಷ

ನಮ್ಮದು ತಾಲ್ಲೂಕು ಆಫೀಸಿನ ಎದುರಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪಹಣಿ, ಅರ್ಜಿ, ಮದುವೆ ಕಾರ್ಡು, ತಿಥಿ ಕಾರ್ಡು. ಬೆಳಿಗ್ಗೆಯಿಂದ ಸಂಜೆವರೆಗೆ ಯಾರ್ಯಾರದೋ ಪೆನ್‌ಡ್ರೈವ್ ನಮ್ಮ ಮಶೀನಿಗೆ ಚುಚ್ಚುತ್ತಲೇ ಇರಬೇಕು. ಊರಿಗೆ ಬಂದ ವೈರಸ್ಸು ಮೊದಲು ನಮ್ಮ ಅಂಗಡಿಗೇ ಬಂದು ಹೋಗುತ್ತದೆ.

ಮಶೀನು ಹಳೇದು. 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7. ಯಾಕೆ ಬಿಸಾಕಿಲ್ಲ ಅಂದರೆ ಅದರಲ್ಲಿ ಕಾರ್ಡು ಡಿಸೈನ್ ಮಾಡುವ ಹಳೇ ತಂತ್ರಾಂಶ ಪೇಜ್‌ಮೇಕರ್ 7 ಇದೆ, ಹಳೇ ನುಡಿ ಫಾಂಟಿನಲ್ಲಿ ಮಾಡಿದ ನೂರಾರು ಕಾರ್ಡಿನ ಫೈಲುಗಳಿವೆ. ಅಣ್ಣನ ಮದುವೆ ಕಾರ್ಡು ಮಾಡಿಸಿದವರು ಎಂಟು ವರ್ಷ ಬಿಟ್ಟು ಬಂದು, 'ಅದೇ ಡಿಸೈನ್‌ನಲ್ಲಿ ತಮ್ಮಂದೂ ಮಾಡ್ಕೊಡಿ' ಅನ್ನುತ್ತಾರೆ.

2012ರಲ್ಲಿ ಇದಕ್ಕೆ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅನ್ನುವ ಆ್ಯಂಟಿವೈರಸ್ ಹಾಕಿದೆ. ಪುಕ್ಕಟೆ. ಹತ್ತು ಕಂಪ್ಯೂಟರಿನವರೆಗೆ ಸಣ್ಣ ವ್ಯಾಪಾರದವರೂ ಬಳಸಬಹುದು ಅಂತ 2010ರಲ್ಲೇ ಅನುಮತಿ ಕೊಟ್ಟಿದ್ದರು, ಹಾಗಾಗಿ ಕದ್ದು ಬಳಸಿದ ಹಾಗೂ ಅಲ್ಲ. ಮೂಲೆಯಲ್ಲಿ ಒಂದು ಹಸಿರು ಕೋಟೆ ಚಿತ್ರ, ಅಷ್ಟೇ. 'ರಿನ್ಯೂ ಮಾಡಿ, ರಿನ್ಯೂ ಮಾಡಿ' ಅಂತ ಪೀಡಿಸುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಎರಡು ವರ್ಷ ಆದ ಮೇಲೆ ನನಗೇ ಹೆದರಿಕೆ ಶುರುವಾಯಿತು. ಪುಕ್ಕಟೆಯದ್ದು ಎಷ್ಟು ಕಾಯುತ್ತದೆ, ಅಲ್ವಾ? ದುಡ್ಡು ಕೊಟ್ಟು ಇನ್ನೊಂದು ಆ್ಯಂಟಿವೈರಸ್ ಸಿ.ಡಿ. ತಂದೆ. ಹೆಸರು ಬೇಡ. ಹಳೇದನ್ನು ತೆಗೆಯದೆ ಅದರ ಮೇಲೇ ಹಾಕಿಬಿಟ್ಟೆ. ಇನ್‌ಸ್ಟಾಲ್ ಆಗುವಾಗ ಏನೋ ಎಚ್ಚರಿಕೆ ಬಂತು, ಓದದೇ ಮುಂದಕ್ಕೆ ಒತ್ತಿದೆ. ಒಂದಕ್ಕಿಂತ ಎರಡು ಒಳ್ಳೆಯದು ಅನ್ನುವ ಲೆಕ್ಕ.

ಮಾರನೇ ದಿನ ಮೂರು ನಿಮಿಷಕ್ಕೆ ಏಳುತ್ತಿದ್ದ ಮಶೀನು ಹತ್ತು ನಿಮಿಷವಾದರೂ ಏಳಲಿಲ್ಲ. ಹಾರ್ಡ್ ಡಿಸ್ಕಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಒಂದು ಕಾರ್ಡಿನ ಫೈಲ್ ತೆರೆಯಲು ಹೋದರೆ ತಿರುಗುವ ಉಂಗುರ ನೋಡುತ್ತಾ ಕೂರಬೇಕು. ಕ್ಯೂನಲ್ಲಿ ನಿಂತವರು ಪಕ್ಕದ ಅಂಗಡಿಗೆ ನಡೆದರು.

ಆಮೇಲೆ ತಿಳಿದದ್ದು ಇಷ್ಟು. ಸದಾ ಎಚ್ಚರವಾಗಿರುವ ಆ್ಯಂಟಿವೈರಸ್ಸು ನಾವು ತೆರೆಯುವ ಪ್ರತಿ ಫೈಲನ್ನೂ ಮಧ್ಯದಲ್ಲೇ ತಡೆದು ನೋಡಿ ಬಿಡುತ್ತದೆ. ಎರಡಿದ್ದರೆ ಎರಡೂ ತಡೆಯುತ್ತವೆ. ಒಂದು ಓದಲು ಫೈಲ್ ತೆರೆದರೆ, 'ಯಾರೋ ಫೈಲ್ ತೆರೆದರು' ಅಂತ ಇನ್ನೊಂದು ಓಡಿ ಬರುತ್ತದೆ. ಒಂದು ಹಿಡಿದು ಕೂಡಿಹಾಕಿದ ವೈರಸ್ಸನ್ನು ಇನ್ನೊಂದು 'ಸಿಕ್ಕಿತು' ಅಂತ ಮತ್ತೆ ಹಿಡಿಯುತ್ತದೆ. ಬಸ್ಸಿನಲ್ಲಿ ಇಬ್ಬರು ಕಂಡಕ್ಟರು ಇದ್ದು, ಇಬ್ಬರೂ ಪ್ರತಿ ಸ್ಟಾಪಿನಲ್ಲಿ ಎಲ್ಲರ ಟಿಕೆಟ್ ಕೇಳಿದರೆ ಬಸ್ಸು ಹೊರಡುವುದು ಯಾವಾಗ?

ಇದಕ್ಕಿಂತ ಜಾಸ್ತಿ ಕಾಡಿದ್ದು ಒಂದು ರಾತ್ರಿ. ಒಂಬತ್ತು ಗಂಟೆ, ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕಾದ ಮದುವೆ ಕಾರ್ಡು, ಹುಡುಗಿಯ ಮಾವ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದಾರೆ. ನಾನು ಹೆಸರು ಟೈಪ್ ಮಾಡುತ್ತಿದ್ದೇನೆ, ಇದ್ದಕ್ಕಿದ್ದ ಹಾಗೆ ಪರದೆ ಮೇಲೆ ಅಕ್ಷರದ ಚೂರುಗಳು. ಒಂದು ಕೊಂಬು, ಒಂದು ಅರ್ಧ ಒತ್ತು, ಎಲ್ಲೋ ಒಂದು ತಲೆಕಟ್ಟು. 'ಇದ್ಯಾವ ಭಾಷೆ ಸ್ವಾಮಿ?' ಅಂದರು ಅವರು. ನೋಡಿದರೆ ಹೊಸ ಆ್ಯಂಟಿವೈರಸ್ಸು ನಮ್ಮ ಕನ್ನಡ ಕೀಬೋರ್ಡ್ ತಂತ್ರಾಂಶವನ್ನೇ ಕಳ್ಳ ಅಂತ ಹಿಡಿದು ಕ್ವಾರಂಟೈನಿಗೆ ಹಾಕಿತ್ತು! ಅದರ ತಪ್ಪು ಪೂರ್ತಿ ಅನ್ನಲಾರೆ. ಕನ್ನಡ ಟೈಪಿಂಗ್ ತಂತ್ರಾಂಶ ನಾವು ಒತ್ತುವ ಪ್ರತಿ ಕೀಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಾಯಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಹಾಗೇ ನಡುವೆ ನಿಂತು ಕೀ ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಥರ. ಕ್ವಾರಂಟೈನಿನಿಂದ ಬಿಡಿಸಿ, ಆ ಫೋಲ್ಡರನ್ನು 'ಇದನ್ನು ಮುಟ್ಟಬೇಡ' ಪಟ್ಟಿಗೆ ಸೇರಿಸಿ ಕೆಲಸ ಮುಗಿಸುವಾಗ ಹನ್ನೊಂದೂವರೆ.

ವರ್ಷ ಮುಗಿಯುವ ಮೊದಲೇ ದುಡ್ಡಿನದ್ದನ್ನು ತೆಗೆದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ತೆಗೆದರೆ ಪೂರ್ತಿ ಹೋಗಲಿಲ್ಲ. ಕಂಪನಿಯವರೇ ಕೊಡುವ ಬೇರೆ ರಿಮೂವಲ್ ಟೂಲ್ ಓಡಿಸಿದ ಮೇಲೆ ಹೋಯಿತು.

ಅಲ್ಲಿಂದ ನನ್ನ ಪದ್ಧತಿ ಬೇರೆ. ಕಂಡಕ್ಟರ್ ಒಬ್ಬನೇ, ಎಸೆನ್ಷಿಯಲ್ಸ್. ಮಿಕ್ಕವರು ಚೆಕಿಂಗ್‌ನವರು. ಯಾವಾಗಲೋ ಹತ್ತಿ, ನೋಡಿ, ಇಳಿದು ಹೋಗಬೇಕು. ಶನಿವಾರ ಅಂಗಡಿ ಮುಚ್ಚುವ ಮುಂಚೆ ಮಾಲ್‌ವೇರ್‌ಬೈಟ್ಸ್ ಅನ್ನುವ ಇನ್ನೊಂದು ಸ್ಕ್ಯಾನರಿನ ಪುಕ್ಕಟೆ ಆವೃತ್ತಿ. ಹಾಕಿದ ತಕ್ಷಣ ಅದು 14 ದಿನ ಪ್ರೀಮಿಯಂ ಟ್ರಯಲ್‌ನಲ್ಲಿ ಇರುತ್ತದೆ, ಅಂದರೆ ಅದೂ ಕಂಡಕ್ಟರ್ ಆಗಿಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಟ್ರಯಲ್ ಆಫ್ ಮಾಡಿ. ಆಮೇಲೆ ನಾವು ಕರೆದಾಗ ಮಾತ್ರ ಬರುತ್ತದೆ. ಪುಕ್ಕಟೆ ಪಿಡಿಎಫ್ ಕನ್ವರ್ಟರ್ ಜೊತೆ ನುಸುಳಿ ಬರುವ ಟೂಲ್‌ಬಾರ್, ಜಾಹೀರಾತಿನ ಕಸ, ಇದನ್ನೆಲ್ಲ ಹಿಡಿಯುವುದರಲ್ಲಿ ನನ್ನ ಮಶೀನಿನಲ್ಲಿ ಅದರದ್ದೇ ಮೇಲುಗೈ. ತಿಂಗಳಿಗೊಮ್ಮೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್. ಅದನ್ನು ಇಳಿಸಿಕೊಂಡ ಹತ್ತೇ ದಿನಕ್ಕೆ ಅವಧಿ ಮುಗಿಯುತ್ತದೆ, ಪ್ರತಿ ಸಲ ಹೊಸದು ತರಬೇಕು. ನಮ್ಮ ನೆಟ್ಟಿನಲ್ಲಿ ಅದೇ ಒಂದು ರೇಜಿಗೆ.

ಪೆನ್‌ಡ್ರೈವಿನ ಕಥೆ ಬೇರೆಯೇ. ಮೊದಲು ಆಟೋರನ್ ವೈರಸ್ಸು, ಚುಚ್ಚಿದರೆ ಸಾಕು ತಾನೇ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಆ ದಾರಿ ಮುಚ್ಚಿದರು, 2011ರಲ್ಲಿ ಎಕ್ಸ್‌ಪಿಗೂ ಅಪ್‌ಡೇಟ್ ಕೊಟ್ಟು ಮುಚ್ಚಿದರು. ಆಮೇಲೆ ಜಾಸ್ತಿಯಾಗಿ ಕಂಡದ್ದು ಶಾರ್ಟ್‌ಕಟ್ ವೈರಸ್ಸು. ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. 'ಸರ್, ಪ್ರಾಜೆಕ್ಟ್ ಎಲ್ಲಾ ಹೋಗ್ಬಿಟ್ಟಿದೆ' ಅಂತ ಡಿಗ್ರಿ ಹುಡುಗಿ ಅಳುವ ಹಾಗೆ ಬರುತ್ತಾಳೆ. ಎಲ್ಲೂ ಹೋಗಿರುವುದಿಲ್ಲ. ಆ್ಯಂಟಿವೈರಸ್ಸು ಶಾರ್ಟ್‌ಕಟ್ ಅಳಿಸುತ್ತದೆ, ಆದರೆ ಬಚ್ಚಿಟ್ಟ ಫೋಲ್ಡರನ್ನು ಎಷ್ಟೋ ಸಲ ಹೊರಗೆ ತರುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಕಮಾಂಡಿಗೆ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಕೊಟ್ಟರೆ ಎಲ್ಲವೂ ಪ್ರತ್ಯಕ್ಷ. ಇದಕ್ಕೆ ದುಡ್ಡು ತಗೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಕಂಡಕ್ಟರ್ ಎಚ್ಚರವಾಗಿದ್ದಾನಾ ಅಂತ ನೋಡಲು ಐಕಾರ್ ಪರೀಕ್ಷಾ ಫೈಲ್ ಇದೆ. 68 ಅಕ್ಷರದ ಒಂದು ಸಾಲು, ನಿಜವಾದ ವೈರಸ್ಸಲ್ಲ. ನೋಟ್‌ಪ್ಯಾಡಿನಲ್ಲಿ ಹಾಕಿ ಸೇವ್ ಮಾಡಿದ ತಕ್ಷಣ ಕೂಗಬೇಕು. ಕೂಗದಿದ್ದರೆ ಸುಮ್ನೆ ಕೋಟೆ ಚಿತ್ರ ಹಸಿರಾಗಿದೆ ಅಂತ ನಂಬಬೇಡಿ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ಎಸೆನ್ಷಿಯಲ್ಸ್‌ಗೆ ವೈರಸ್ ಪಟ್ಟಿಯ ಅಪ್‌ಡೇಟ್ ಮಾತ್ರ 2023ರವರೆಗೆ ಕೊಡುತ್ತೇವೆ ಅಂದಿದ್ದರು. ಅಲ್ಲಿಯವರೆಗೆ ಓಡಿಸಿದೆ, ಆಮೇಲೆ ನೆಟ್ ಕೇಬಲ್ ಕಿತ್ತೆ. ಈಗ ಅದು ಬರೀ ಪೇಜ್‌ಮೇಕರ್ ಮಶೀನು. ಗಿರಾಕಿಯ ಪೆನ್‌ಡ್ರೈವ್ ಅದಕ್ಕೆ ಮುಟ್ಟಿಸುವುದಿಲ್ಲ. ಪಕ್ಕದ ವಿಂಡೋಸ್ 10 ಮಶೀನಿನಲ್ಲಿ, ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಸ್ಕ್ಯಾನ್ ಮಾಡಿದ ಮೇಲೆ ನಮ್ಮದೇ ಒಂದು ಪೆನ್‌ಡ್ರೈವಿನಲ್ಲಿ ಫೈಲ್ ದಾಟಿಸುತ್ತೇನೆ. ಡಿಫೆಂಡರ್‌ಗೆ ಈ ಬುದ್ಧಿ ಮೊದಲೇ ಇದೆ. ಬೇರೆ ಆ್ಯಂಟಿವೈರಸ್ ಹಾಕಿದರೆ ತಾನೇ ಪಕ್ಕಕ್ಕೆ ಸರಿಯುತ್ತದೆ. ನೀವು ಬಯಸಿದರೆ ಆಗಾಗ ಬಂದು ಸ್ಕ್ಯಾನ್ ಮಾತ್ರ ಮಾಡಿ ಹೋಗುತ್ತದೆ.

ಇನ್ನೊಂದು ಮಾತು. ಹಳೇ ಮಶೀನು ನಿಧಾನ ಅಂತ ಆ್ಯಂಟಿವೈರಸ್ ಬದಲಾಯಿಸುತ್ತಾ ಕೂರುವ ಬದಲು ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ. ನಾನು ಹಾಕಿಸಿದ್ದು ತಡವಾಗಿ. ಹಾಕಿಸಿದ ಮೇಲೆ ಪೂರ್ತಿ ಸ್ಕ್ಯಾನ್ ನಡೆಯುತ್ತಿದ್ದರೂ ಕಾರ್ಡಿನ ಕೆಲಸ ನಿಲ್ಲಲಿಲ್ಲ.

ಆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದಂತೆ. ಅಲ್ಲಿಯವರೆಗೆ ನಮ್ಮ ಹೊಸ ಮಶೀನೂ ಹಳೇದಾಗಿರುತ್ತದೆ, ಪೇಜ್‌ಮೇಕರ್ ಮಾತ್ರ 7ರಲ್ಲೇ ಇರುತ್ತದೆ.