ಪಿಕಪ್ ಟ್ರಕ್ ತಗೊಂಡು ಒಂದೂವರೆ ವರ್ಷ, ಡೆತ್ ವ್ಯಾಲಿಗೆ ಎರಡು ಸಲ: ನನ್ನ ರಿವ್ಯೂ

ಯಾವ ಕಂಪನಿ ಟ್ರಕ್ಕು ಅಂತ ಹೇಳಲ್ಲ, ಹೇಳಿದ್ರೆ ಅರ್ಧ ಜನ ಅಲ್ಲೇ ಜಗಳಕ್ಕೆ ನಿಂತ್ಕೋತೀರ, ಮಿಕ್ಕಿದ್ದು ಯಾರೂ ಓದಲ್ಲ. ಮಿಡ್‌ಸೈಜ್ ಪಿಕಪ್ಪು, ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕೋಕೆ ಐದಡಿ ಬೆಡ್ಡು, ವಿ6 ಇಂಜಿನ್ನು, ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕ್ಕೊಳ್ಳೋ) ಫೋರ್ ವೀಲ್ ಡ್ರೈವು, ಸೆಕೆಂಡ್ ಹ್ಯಾಂಡು. ಇರೋದು ಲಾಸ್ ಏಂಜಲಿಸ್ ಹತ್ರ. ಈ ಸೈಜಿನ ಟ್ರಕ್ಕೆಲ್ಲಾ ಹೆಚ್ಚು ಕಮ್ಮಿ ಒಂದೇ ಥರ, ಹಾಗಾಗಿ ನಾನು ಹೇಳೋದು ಯಾವುದಕ್ಕಾದ್ರೂ ಅನ್ವಯಿಸುತ್ತೆ.

ತಗೊಂಡಿದ್ದು ಯಾಕೆ ಅಂದ್ರೆ ಮರುಭೂಮಿ ಹುಚ್ಚು. ಫೋರ್ ವೀಲ್ ಡ್ರೈವ್ ಇದ್ರೆ ಎಲ್ಲಿ ಬೇಕಾದ್ರೂ ಹೋಗ್ಬಹುದು ಅನ್ನೋ ಭ್ರಮೆ ಒಂದಿತ್ತು ನೋಡಿ, ಅದಕ್ಕೇ ಎಕ್ಸ್‌ಟ್ರಾ ದುಡ್ಡು ಕೊಟ್ಟೆ. ಈಗ ಲೆಕ್ಕ ಹಾಕಿದ್ರೆ ಒಂದೂವರೆ ವರ್ಷದಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಸ್ಪೀಡು) ಹಾಕಿರೋದು ಒಟ್ಟು ಮೂರ್ನಾಲ್ಕು ಗಂಟೆ ಇರಬಹುದು, ಫೋರ್ ಲೋ (ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳೆಯೋದು) ಹಾಕಿದ್ದು ಮನೆ ಹತ್ರದ ಖಾಲಿ ಮಣ್ಣಿನ ಜಾಗದಲ್ಲಿ, ಅದೂ ಕೆಲಸ ಮಾಡುತ್ತಾ ಅಂತ ನೋಡೋಕೆ. ಅಂದ್ಹಾಗೆ ಪಾರ್ಟ್ ಟೈಮ್ ಸಿಸ್ಟಮ್ಮು ಒಣ ಡಾಂಬರ್ ರೋಡಲ್ಲಿ ಹಾಕಬೇಡಿ. ಮುಂದಿನ ಆಕ್ಸಲ್ಲು ಹಿಂದಿನ ಆಕ್ಸಲ್ಲು ಒಂದಕ್ಕೊಂದು ಲಾಕ್ ಆಗಿರುತ್ತೆ, ತಿರುವಲ್ಲಿ ಎರಡೂ ಬೇರೆ ಬೇರೆ ದೂರ ಉರುಳಬೇಕು, ಉರುಳೋಕೆ ಬಿಡಲ್ಲ, ಸ್ಟೇರಿಂಗ್ ಬಿಗೀತಾ ಬಂದು ಗಾಡಿ ಕಟಕಟ ಅನ್ನುತ್ತೆ. ನನ್ನ ಫ್ರೆಂಡ್ ಒಬ್ಬ ಮಳೆ ಬಂತು ಅಂತ ಹಾಕ್ಕೊಂಡು, ಮಳೆ ನಿಂತು ರೋಡ್ ಒಣಗಿದ್ಮೇಲೂ ಮರೆತು ಹಾಗೇ ಓಡಿಸ್ತಿದ್ದ.

ದಿನಾ ಓಡಿಸೋ ಕಥೆ ಬೇಗ ಮುಗಿಸ್ತೀನಿ, ಯಾಕಂದ್ರೆ ಹೇಳೋಕೆ ಖುಷಿ ಏನಿಲ್ಲ. ಉದ್ದ ಹದಿನೇಳೂವರೆ ಅಡಿ ದಾಟುತ್ತೆ, ಗ್ಯಾರೇಜಲ್ಲಿ ನಿಲ್ಲಿಸಿದ್ರೆ ಶಟರ್‌ಗೂ ಬಂಪರ್‌ಗೂ ಮಧ್ಯೆ ಅಡ್ಡಡ್ಡ ನಡೀಬೇಕು. ಗ್ಯಾಲನ್‌ಗೆ ಹತ್ತೊಂಬತ್ತು ಇಪ್ಪತ್ತು ಮೈಲಿ ಕೊಟ್ರೆ ಪುಣ್ಯ. ಹಿಂದಿನ ಸೀಟಲ್ಲಿ ಬೆನ್ನು ನೆಟ್ಟಗೆ ಕೂತ್ಕೋಬೇಕು, ನಮ್ಮತ್ತೆ ಒಂದು ಸಲ ಕೂತವರು ಎರಡನೇ ಸಲ ಬರಲ್ಲ ಅಂದ್ರು. ಬೆಡ್ ಖಾಲಿ ಇದ್ರೆ ಹಿಂದಿನ ಲೀಫ್ ಸ್ಪ್ರಿಂಗು ಪ್ರತಿ ಸ್ಪೀಡ್ ಬ್ರೇಕರ್‌ಗೂ ಎತ್ತಿ ಹಾಕುತ್ತೆ. ಇನ್ನು ಕ್ಯಾಲಿಫೋರ್ನಿಯಾದಲ್ಲಿ ಸಾದಾ ಪಿಕಪ್ಪಿಗೂ ಕಮರ್ಷಿಯಲ್ ಪ್ಲೇಟೇ, ಜೊತೆಗೆ ತೂಕದ ಫೀ ಬೇರೆ. ನಾನು ಸಾಗಿಸಿದ ಕಮರ್ಷಿಯಲ್ ಸಾಮಾನು ಏನಪ್ಪಾ ಅಂದ್ರೆ ಪರಿಚಯದವರ ಸೋಫಾ. ಟ್ರಕ್ ತಗೊಂಡ್ಮೇಲೆ ಎಷ್ಟು ಜನ ಮನೆ ಬದಲಾಯಿಸ್ತಾರೆ ಅಂತೀರಾ!

ಚಿಕ್ಕ, ಅಗ್ಗದ ಪಿಕಪ್ ಇಲ್ಲಿ ಯಾಕೆ ಸಿಗಲ್ಲ ಅಂತ ಹುಡುಕಿದ್ರೆ ಅದು ಕೋಳಿ ಕಥೆ. ಯುರೋಪಿನವರು ಅಮೆರಿಕದ ಕೋಳಿ ಮೇಲೆ ಸುಂಕ ಹಾಕಿದ್ರು ಅಂತ 1964ರಿಂದ ಅಮೆರಿಕದವರು ಹೊರಗಿನ ಸಣ್ಣ ಟ್ರಕ್ ಮೇಲೆ 25% ಸುಂಕ ಹಾಕಿದ್ರು. ಕೋಳಿ ಜಗಳ ಯಾವತ್ತೋ ಮುಗೀತು, ಟ್ರಕ್ ಸುಂಕ ಹಾಗೇ ಉಳೀತು. ಇರಲಿ.

ಈಗ ವಿಷಯಕ್ಕೆ ಬರ್ತೀನಿ. ಹೋದ ಫೆಬ್ರವರಿ ಲಾಂಗ್ ವೀಕೆಂಡಲ್ಲಿ ನಾನು, ನನ್ನ ತಮ್ಮ, ಅವನ ಇಬ್ಬರು ಫ್ರೆಂಡ್ಸು ಡೆತ್ ವ್ಯಾಲಿಗೆ, ಅಂದ್ರೆ ಕ್ಯಾಲಿಫೋರ್ನಿಯಾದ ಮರುಭೂಮಿ ನ್ಯಾಷನಲ್ ಪಾರ್ಕಿಗೆ, ಹೊರಟ್ವಿ. ಬೇಸಿಗೆಯಲ್ಲಿ ಹೋಗೋ ಜಾಗ ಅಲ್ಲ ಅದು, 1913ರ ಜುಲೈ 10ಕ್ಕೆ ಅಲ್ಲಿನ ಫರ್ನೇಸ್ ಕ್ರೀಕಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 56.7 ಸೆಲ್ಸಿಯಸ್ ದಾಖಲಾಗಿದೆ, ಇವತ್ತಿಗೂ ಪ್ರಪಂಚದ ಅಧಿಕೃತ ದಾಖಲೆ ಅದೇ. ಹೊರಡೋ ಮುಂಚೆ ಡ್ರೈವರ್ ಬಾಗಿಲ ಚೌಕಟ್ಟಲ್ಲಿ ಅಂಟಿಸಿರೋ ಹಳದಿ ಸ್ಟಿಕ್ಕರ್ ಮೊದಲ ಸಲ ಗಮನ ಇಟ್ಟು ಓದಿದೆ. ಜಾಹೀರಾತಲ್ಲಿ ಆರು ಸಾವಿರ ಪೌಂಡ್ ಎಳೆಯುತ್ತೆ ಅಂತ ಬೊಬ್ಬೆ ಹೊಡೀತಾರಲ್ಲ, ಅದು ಹಿಂದೆ ಕಟ್ಟಿದ ಟ್ರೈಲರ್ ಲೆಕ್ಕ. ಜನ ಸಾಮಾನು ಎಲ್ಲಾ ಸೇರಿ ಗಾಡಿ ಮೇಲೆ ಹೊರಬಹುದಾದ್ದು ನನ್ನದಕ್ಕೆ ಬರೀ 1,100 ಪೌಂಡ್ ಚಿಲ್ಲರೆ. ನಾಲ್ಕು ಗಂಡಸರು ಕೂತ್ರೆ ಅಲ್ಲೇ ಏಳ್ನೂರು. ನೀರು ಗ್ಯಾಲನ್‌ಗೆ ಎಂಟು ಪೌಂಡಿನ ಮೇಲೆ, ಹದಿನೈದು ಗ್ಯಾಲನ್ ಹಾಕಿದ್ವಿ. ಟೆಂಟು, ಕೂಲರ್ರು, ಸೌದೆ ಎಲ್ಲಾ ಸೇರಿದ್ರೆ ಇಷ್ಟು ದೊಡ್ಡ ಗಾಡಿಯಲ್ಲಿ ಉಳಿಯೋ ಜಾಗ ನೋಡೋಕೆ ಮಾತ್ರ, ತೂಕ ಮುಗಿದಿರುತ್ತೆ.

ಹೈವೇ 14, ಆಮೇಲೆ 395, ಓಲಾಂಚಾ ಹತ್ರ ಬಲಕ್ಕೆ ತಿರುಗಿ 190. ಪಾರ್ಕ್ ಒಳಗಿರೋ ಸ್ಟೋವ್‌ಪೈಪ್ ವೆಲ್ಸ್‌ಗೆ ಹತ್ರ ಹತ್ರ 250 ಮೈಲಿ. ಇಲ್ಲಿ ಟ್ರಕ್ಕು ನಿಜವಾಗ್ಲೂ ಚೆನ್ನಾಗಿತ್ತು, ಹಿಂದೆ ತೂಕ ಬಿದ್ದ ತಕ್ಷಣ ಆ ಎತ್ತಿ ಹಾಕೋದೆಲ್ಲ ನಿಂತು ಹಾಲು ಹರಿದ ಹಾಗೆ ಹೋಗ್ತಿತ್ತು. ಪ್ಯಾನಮಿಂಟ್ ಕಣಿವೆ ಇಳಿದು ಮತ್ತೆ ಹತ್ತಿದ್ರೆ ಸುಮಾರು ಐದು ಸಾವಿರ ಅಡಿ ಎತ್ತರದ ಟೌನ್ ಪಾಸ್, ಅಲ್ಲಿಂದ ಒಂದೇ ಸಮನೆ ಇಳಿಜಾರು, ಕೆಳಗೆ ಸಮುದ್ರ ಮಟ್ಟಕ್ಕೆ. ಲೋ ಗೇರಲ್ಲಿ ಇಳೀರಿ. ಮುಂದೆ ಹೋಗ್ತಿದ್ದ ಗಾಡಿಯವರು ಕೆಳಗಿನ ತನಕ ಬ್ರೇಕ್ ಒತ್ಕೊಂಡೇ ಹೋದ್ರು, ಸುಟ್ಟ ವಾಸನೆ ನಮ್ಮ ಕ್ಯಾಬಿನ್ ಒಳಗೆ ಬಂತು. ಪಾರ್ಕ್ ಪ್ರವೇಶ ಒಂದು ಗಾಡಿಗೆ 30 ಡಾಲರ್, ಏಳು ದಿನ ನಡೆಯುತ್ತೆ. ಪೆಟ್ರೋಲ್ ಹೊರಗೇ ತುಂಬಿಸ್ಕೊಳ್ಳಿ, ಒಳಗೆ ಬಂಕ್ ಇದೆ ಆದ್ರೆ ರೇಟ್ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ.

ಮೊದಲನೇ ದಿನ ಮೆಸ್ಕೀಟ್ ಫ್ಲಾಟ್ ಮರಳು ದಿಬ್ಬ, ಬ್ಯಾಡ್‌ವಾಟರ್, ಎಲ್ಲಾ ಡಾಂಬರ್ ರೋಡೇ. ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ ಉಪ್ಪಿನ ಬಯಲಲ್ಲಿ ನಿಂತು ನೋಡಿದ್ರೆ ಪಾರ್ಕಿಂಗ್ ಲಾಟಲ್ಲಿ ಇದ್ದಿದ್ದೆಲ್ಲಾ ಸಣ್ಣ ಕಾರುಗಳು, ಎಲ್ಲರೂ ಆರಾಮಾಗಿ ಬಂದಿದ್ರು. ಟ್ರಕ್ ತಗೊಂಡಿದ್ದು ಯಾಕೋ ಅಂತ ತಮ್ಮ ಕಾಲೆಳೆದ. ನಾಳೆ ನೋಡು ಅಂದೆ. ಹಾಗೆ ಅನ್ನಬಾರದಿತ್ತು.

ಮೆಸ್ಕೀಟ್ ಸ್ಪ್ರಿಂಗ್ ಕ್ಯಾಂಪ್‌ಗ್ರೌಂಡಲ್ಲಿ ರಾತ್ರಿ ಕಳೆದು ಬೆಳಿಗ್ಗೆ ರೇಸ್‌ಟ್ರ್ಯಾಕ್ ಪ್ಲಾಯಾಗೆ ಹೊರಟ್ವಿ. ಬಂಡೆಗಳು ತಾವಾಗೇ ಜರುಗಿ ಹಿಂದೆ ಗೆರೆ ಎಳೆದಿರುತ್ತಲ್ಲ, ಆ ಜಾಗ. ಉಬೆಹೀಬಿ ಜ್ವಾಲಾಮುಖಿ ಕುಳಿ ಹತ್ರ ಡಾಂಬರ್ ಮುಗಿಯುತ್ತೆ, ಅಲ್ಲಿಂದ 27 ಮೈಲಿ ಮಣ್ಣು ಕಲ್ಲು. ಬಟ್ಟೆ ಉಜ್ಜೋ ಹಲಗೆ ಥರ ರೋಡ್ ಪೂರ್ತಿ ಅಡ್ಡಗೆರೆ, ನಿಧಾನ ಹೋದ್ರೆ ಹಲ್ಲು ಉದುರುತ್ತೆ, ಜೋರಾಗಿ ಹೋದ್ರೆ ಗಾಡಿ ತೇಲಿದ ಹಾಗಾಗಿ ಬಾಲ ಅತ್ತಿತ್ತ ಜಾರುತ್ತೆ. ಫೋರ್ ಹೈ ಹಾಕಿದ್ದು ಅದಕ್ಕೇ, ಹಾಕಿದ್ಮೇಲೆ ಸ್ವಲ್ಪ ನೆಟ್ಟಗಾಯ್ತು, ಒಪ್ಕೋತೀನಿ. ಆದ್ರೆ ಟೈರ್ ಗಾಳಿ ಇಳಿಸ್ಲಿಲ್ಲ. ಯಾರೋ ಹೇಳಿದ್ರು, ನಾನು ಸೋಮಾರಿತನಕ್ಕೆ ಇರಲಿ ಬಿಡು ಅಂದೆ. 35 ಪಿಎಸ್‌ಐ, ಗಾಡಿ ಜೊತೆ ಬಂದ ತೆಳು ಹೈವೇ ಟೈರು.

ಟೀಕೆಟಲ್ ಜಂಕ್ಷನ್ ಅಂತ ಒಂದು ಬೋರ್ಡಿದೆ, ಜನ ಹಳೇ ಟೀ ಕೆಟಲ್‌ಗಳ ಮೇಲೆ ಹೆಸರು ಬರೆದು ನೇತು ಹಾಕಿರ್ತಾರೆ. ಅಲ್ಲಿ ಫೋಟೋ ತೆಗೆದು ಒಂದೆರಡು ಮೈಲಿ ಹೋಗಿರಬೇಕು, ಡ್ಯಾಶ್ ಬೋರ್ಡಲ್ಲಿ ಹಳದಿ ದೀಪ. ಇಳಿದ್ರೆ ಬಲಗಡೆ ಹಿಂದಿನ ಟೈರಿನ ಪಕ್ಕದಲ್ಲಿ ಉಗುರಿನಷ್ಟು ಉದ್ದದ ಸೀಳು, ಬಾಯಿ ಬಿಟ್ಕೊಂಡು ಉಸ್ಸ್ ಅಂತಿದೆ. ಪಂಕ್ಚರ್ ಕಿಟ್ ಇತ್ತು, ಪ್ರಯೋಜನ ಇಲ್ಲ, ಮೇಲಿನ ಪಟ್ಟೆಯಲ್ಲಿ ತೂತಾದ್ರೆ ಪ್ಲಗ್ ಹಾಕಬಹುದು, ಪಕ್ಕದ ಗೋಡೆ ಸೀಳಿದ್ರೆ ಟೈರ್ ಮುಗೀತು.

ಸ್ಟೆಪ್ನಿ ಇರೋದು ಬೆಡ್ ಕೆಳಗೆ ಕೇಬಲ್‌ನಲ್ಲಿ ನೇತಾಡ್ತಾ. ಇಳಿಸಬೇಕಾದ್ರೆ ಮೂರು ತುಂಡು ಸರಳು ಜೋಡಿಸಿ, ನಂಬರ್ ಪ್ಲೇಟ್ ಹತ್ರ ಇರೋ ಸಣ್ಣ ತೂತಲ್ಲಿ ತೂರಿಸಿ, ಒಳಗೆಲ್ಲೋ ಇರೋ ಕಿಂಡಿಗೆ ಕೂರಿಸಿ ತಿರುಗಿಸ್ಬೇಕು. ಕಣ್ಣಿಗೆ ಕಾಣಲ್ಲ. ಮೊಣಕಾಲೂರಿ ಸೂಜಿಗೆ ದಾರ ಪೋಣಿಸೋ ಹಾಗೆ ಹದಿನೈದು ನಿಮಿಷ ತಡಕಾಡಿದೆ, ತಮ್ಮ ಗಾಡಿ ಅಡಿ ಮಲ್ಕೊಂಡು ಟಾರ್ಚ್ ಹಿಡಿದು ಎಡಕ್ಕೆ ಬಲಕ್ಕೆ ಅಂತ ಕೂಗ್ತಿದ್ದ. ಆಮೇಲೆ ಜಾಕ್ ಇಟ್ರೆ ಗಾಡಿ ಮೇಲೇಳೋ ಬದಲು ಜಾಕ್ ಕೆಳಗಿಳೀತಿದೆ, ಸಡಿಲ ಜಲ್ಲಿ. ಕೊನೆಗೆ ತರಕಾರಿ ಹೆಚ್ಚೋ ಮಣೆ ಕೆಳಗಿಟ್ವಿ. ಮಣೆ ಎರಡು ಹೋಳಾಯ್ತು, ಆದ್ರೆ ಅಷ್ಟರಲ್ಲಿ ಚಕ್ರ ಎದ್ದಿತ್ತು. ಫುಲ್ ಸೈಜ್ ಸ್ಟೆಪ್ನಿ ಕೊಟ್ಟಿದ್ದಕ್ಕೆ ಗಾಡಿ ಡಿಸೈನ್ ಮಾಡಿದವನಿಗೆ ಕೈಮುಗಿದೆ, ಅದನ್ನ ಅಲ್ಲಿ ಬಚ್ಚಿಟ್ಟಿದ್ದಕ್ಕೆ ಅವನಿಗೇ ಬೈದೆ.

ಮೊಬೈಲಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಇನ್ನೊಂದು ಟೈರ್ ಹೋದ್ರೆ ಟೋ ಟ್ರಕ್ಕೇ ಗತಿ, ಅದು ಬರೋಕೆ ದಿನ ಹಿಡಿಯುತ್ತೆ, ಬಿಲ್ಲು ಸಾವಿರ ಡಾಲರ್ ದಾಟುತ್ತೆ, ಎಷ್ಟೋ ರೋಡ್‌ಸೈಡ್ ಪ್ಲಾನುಗಳು ಮಣ್ಣಿನ ದಾರಿಗೆ ಅನ್ವಯಿಸೋದೇ ಇಲ್ಲ. ಪ್ಲಾಯಾ ಇನ್ನು ಕೆಲವೇ ಮೈಲಿ ಇತ್ತು. ಎಲ್ಲರೂ ನನ್ನ ಮುಖ ನೋಡಿದ್ರು. ಗಾಡಿ ತಿರುಗಿಸ್ದೆ. ವಾಪಸ್ ಗಂಟೆಗೆ ಹತ್ತು ಮೈಲಿಯಲ್ಲಿ, ಯಾರೂ ಮಾತಾಡ್ಲಿಲ್ಲ, ಪ್ರತಿ ಕಲ್ಲಿಗೂ ನಾಲ್ಕೂ ಜನ ಒಟ್ಟಿಗೆ ಉಸಿರು ಬಿಗಿಹಿಡೀತಿದ್ವಿ.

ಬಂದ ವಾರವೇ ನಾಲ್ಕೂ ಟೈರ್ ಬದಲಾಯಿಸ್ದೆ, ಕಲ್ಲು ಮಣ್ಣಿನ ದಾರಿಗೆ ಅಂತ ಇರೋ ಗಟ್ಟಿ ಹತ್ತು ಪ್ಲೈ ಆಲ್ ಟೆರೇನ್, ಸ್ಟೆಪ್ನಿಗೂ ಅದೇ, ಸುಮಾರು 1,300 ಡಾಲರ್. ಒಂದು ಸಣ್ಣ ಕಂಪ್ರೆಸರ್ರು, ಗಾಳಿ ಗೇಜು, ಜಾಕ್ ಅಡಿಗೆ ದಪ್ಪ ಹಲಗೆ. ನವೆಂಬರಲ್ಲಿ ಮತ್ತೆ ಹೋದ್ವಿ. ಈ ಸಲ ಉಬೆಹೀಬಿ ಹತ್ರ ನಿಲ್ಲಿಸಿ ಗಾಳಿ 22ಕ್ಕೆ ಇಳಿಸಿದೆ. ನಂಬಲ್ಲ ನೀವು, ಬೇರೆ ರೋಡೇ ಅನ್ನಿಸ್ತು. ಗಾಳಿ ಕಮ್ಮಿ ಇದ್ರೆ ರಬ್ಬರು ಚೂಪು ಕಲ್ಲಿಗೆ ಎದುರು ನಿಲ್ಲದೆ ಅದರ ಮೇಲೆ ಬಗ್ಗಿ ಹಾದು ಹೋಗುತ್ತೆ, ಅಡ್ಡಗೆರೆ ಹೊಡೆತವನ್ನೂ ಟೈರೇ ನುಂಗುತ್ತೆ. ಹೋಗ್ತಾ ಬರ್ತಾ 54 ಮೈಲಿ, ಒಂದು ಗೀರೂ ಇಲ್ಲ. ಮಜಾ ಏನಂದ್ರೆ ಈ ಸಲ ಬರೋವಾಗ ಅರ್ಧ ದಾರಿ ಬೇಕಂತಲೇ ಟೂ ವೀಲ್‌ನಲ್ಲೇ ಬಂದೆ, ಏನೂ ತೊಂದರೆ ಆಗ್ಲಿಲ್ಲ.

ಪ್ಲಾಯಾ ಬಗ್ಗೆ ಹೇಳಲೇಬೇಕು. ಮೂರು ಮೈಲಿ ಉದ್ದದ ಒಣಗಿದ ಕೆರೆ ಅಂಗಳ, ಸೀಳು ಸೀಳು ಜೇಡಿಮಣ್ಣು, ಟೇಬಲ್ ಥರ ಸಪಾಟು. ಕಲ್ಲು ಹೇಗೆ ಜರುಗುತ್ತೆ ಅನ್ನೋದಕ್ಕೆ ಎಷ್ಟೋ ವರ್ಷ ಉತ್ತರ ಇರಲಿಲ್ಲ. 2013ರ ಡಿಸೆಂಬರಲ್ಲಿ ಸಂಶೋಧಕರು ಕಣ್ಣಾರೆ ಕಂಡ್ರು, 2014ರಲ್ಲಿ ಪ್ರಕಟಿಸಿದ್ರು: ಚಳಿಗಾಲದಲ್ಲಿ ನಿಂತ ನೀರು ರಾತ್ರಿ ಕಿಟಕಿ ಗಾಜಿನಷ್ಟು ತೆಳ್ಳಗೆ ಹೆಪ್ಪುಗಟ್ಟುತ್ತೆ, ಬಿಸಿಲೇರಿದಾಗ ಒಡೆದ ಆ ಮಂಜುಗಡ್ಡೆ ಹಾಳೆಗಳು ಸಾಧಾರಣ ಗಾಳಿಗೇ ತೇಲ್ತಾ ಕಲ್ಲನ್ನ ತಳ್ಕೊಂಡು ಹೋಗುತ್ತೆ, ಕೆಳಗೆ ಕೆಸರು ಜಾರುತ್ತೆ. ನಾವು ನೋಡಿದ ಒಂದು ಕಲ್ಲು ಮಗು ತಲೆಯಷ್ಟಿತ್ತು, ಹಿಂದೆ ಗೆರೆ ನೆಟ್ಟಗೆ ಬಂದು ಪಟ್ಟಂತ ಎಡಕ್ಕೆ ತಿರುಗಿತ್ತು. ಅದೇ ಬಯಲಲ್ಲಿ ಇನ್ನೊಂದು ಕಡೆ ಯಾವನೋ ಪುಣ್ಯಾತ್ಮ ಗಾಡಿ ಓಡಿಸಿದ ಟೈರ್ ಗುರುತು. ಪ್ಲಾಯಾ ಮೇಲೆ ಗಾಡಿ ಇಳಿಸೋ ಹಾಗಿಲ್ಲ, ಒದ್ದೆ ಇದ್ರೆ ನಡೆಯೋ ಹಾಗೂ ಇಲ್ಲ, ಗುರುತು ವರ್ಷಗಟ್ಟಲೆ ಉಳಿಯುತ್ತೆ. ಟ್ರಕ್ ಇಟ್ಕೊಂಡಿರೋ ನಮ್ಮಂಥವರಿಗೆ ಕೆಟ್ಟ ಹೆಸರು ಬರೋದೇ ಇಂಥವರಿಂದ.

ಹಾಗಾದ್ರೆ ತಗೋಬೇಕಾ? ವರ್ಷಕ್ಕೆ ಒಂದು ಸಲ ಮರುಭೂಮಿ ಅಂದ್ರೆ ಬೇಡ. ಒಳ್ಳೆ ಟೈರ್ ಹಾಕಿರೋ ಜೀಪ್ ಬಾಡಿಗೆಗೆ ತಗೊಂಡು ಹೋಗಿ. ತಿಂಗಳಿಗೊಂದು ಸಲ ಹೋಗೋರಾದ್ರೆ ತಗೊಳ್ಳಿ, ಆದ್ರೆ ಬಜೆಟ್ ಟೈಟ್ ಇದ್ರೆ ಫೋರ್ ವೀಲ್ ಡ್ರೈವ್ ಬಿಟ್ಟು ಆ ದುಡ್ಡನ್ನ ಟೈರಿಗೆ ಹಾಕಿ. ಆಳ ಮರಳು, ಕಡಿದಾದ ಬಂಡೆ ಹತ್ತೋರ ಲೆಕ್ಕ ಬೇರೆ, ಅವರಿಗೆ ನನ್ನ ರಿವ್ಯೂ ಬೇಕಾಗಿಲ್ಲ. ನನ್ನ ಮಾರ್ಕ್ಸು ಟ್ರಕ್ಕಿಗೆ ಐದಕ್ಕೆ ಮೂರು, ಟೈರಿಗೆ ಐದಕ್ಕೆ ಐದು.

ಒಂದೇ ಒಂದು ತಲೆನೋವು ಉಳಿದಿರೋದು ಧೂಳು. ಓಡೋವಾಗ ಗಾಡಿ ಹಿಂದೆ ಗಾಳಿ ಒತ್ತಡ ಕಮ್ಮಿ ಆಗಿ ಎದ್ದ ಧೂಳೆಲ್ಲಾ ಸುತ್ತಿ ಬೆಡ್ಡಿಗೇ ಬಂದು ಬೀಳುತ್ತೆ, ಟೇಲ್‌ಗೇಟ್ ಸಂದಿಯಲ್ಲಿ ಸೀಲೇ ಇಲ್ಲ, ಮಲಗೋ ಚೀಲ ಕೊಡವಿದ್ರೆ ಗೋಧಿ ಹಿಟ್ಟು ಉದುರಿದ ಹಾಗೆ ಉದುರ್ತಿತ್ತು. ಬೆಡ್ ಮೇಲೆ ಶೆಲ್ (ಪೂರ್ತಿ ಮುಚ್ಚೋ ಗಟ್ಟಿ ಮುಚ್ಚಳ) ಹಾಕ್ಸೋಣ ಅಂತಿದೀನಿ. ಹಾಕಿಸಿರೋರು ಇದ್ರೆ ಹೇಳಿ, ಧೂಳು ನಿಜವಾಗ್ಲೂ ನಿಲ್ಲುತ್ತಾ, ಇಲ್ಲಾ ಒಳಗೇ ಸುತ್ತಾಡುತ್ತಾ?