ಬಿಪಿ ಕೇಸ್ ಅಂದಾಜಿಗೆ ಸಾರಿಮಾನಾ, ಹೋಲ್ಟ್-ವಿಂಟರ್ಸಾ, ಪ್ರಾಫೆಟ್ಟಾ? ಮೂರೂ ಓಡಿಸಿ ನೋಡ್ದೆ

ಮುಂದಿನ ತಿಂಗಳು ಎಷ್ಟು ಹೊಸ ಬಿಪಿ ಕೇಸ್ ಬರಬಹುದು ಅಂತ ಮೊದಲೇ ಗೊತ್ತಾದ್ರೆ ಮಾತ್ರೆ ಸ್ಟಾಕು, ಡ್ಯೂಟಿ ಹಾಕೋದು ಎಲ್ಲಾ ಸಲೀಸು ಅಂತ ಆಸ್ಪತ್ರೆಲಿ ಈ ಕೆಲಸ ನನ್ನ ತಲೆಗೆ ಕಟ್ಟಿದ್ರು. ಕೈಲಿದ್ದಿದ್ದು ಆರು ವರ್ಷದ ತಿಂಗಳವಾರು ಲೆಕ್ಕ, ಅಂದ್ರೆ ಬರೀ 72 ಸಾಲು. ಕೊನೇ 12 ಆಮೇಲೆ ತಾಳೆ ನೋಡೋಕೆ ಅಂತ ಮುಚ್ಚಿಟ್ಟು ಉಳಿದ 60ರ ಮೇಲೆ ಸಾರಿಮಾ, ಹೋಲ್ಟ್-ವಿಂಟರ್ಸ್, ಪ್ರಾಫೆಟ್ ಅನ್ನೋ ಮೂರು ಮಾಡೆಲ್ ಓಡಿಸ್ದೆ, ಮೂರೂ ಹಳೇ ಲೆಕ್ಕ ನೋಡಿ ಮುಂದಿನದನ್ನ ಅಂದಾಜು ಮಾಡೋ ವಿಧಾನಗಳು.

ಹೋಲಿಕೆಗೆ ಅಂತ ಮೊದಲು ಸೀಸನಲ್ ನೈವ್ ಇಟ್ಕೊಂಡೆ, ಹೋದ ಜನವರಿಲಿ ಎಷ್ಟು ಬಂದಿತ್ತೋ ಈ ಜನವರಿಗೂ ಅಷ್ಟೇ ಅನ್ನೋ ಸೋಮಾರಿ ವಿಧಾನ. ನಗಬೇಡಿ, ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತೆ, ಆ ಏರಿಳಿತ ವರ್ಷವರ್ಷ ಬರೋದ್ರಿಂದ ಇದನ್ನ ಸೋಲಿಸೋಕೇ ಬೆವರು ಹರಿಸ್ಬೇಕು.

ಸಾರಿಮಾ, ಬಾಕ್ಸ್, ಜೆಂಕಿನ್ಸ್ ಅನ್ನೋ ಸಂಖ್ಯಾಶಾಸ್ತ್ರಜ್ಞರ ಕಾಲದ ಹಳೇ ಹುಲಿ, ಆದ್ರೆ ಡೇಟಾ ಹಸಿವು ಜಾಸ್ತಿ. ಸೀಸನಲ್ ಡಿಫರೆನ್ಸ್ (ಈ ತಿಂಗಳ ಲೆಕ್ಕದಲ್ಲಿ ಹೋದ ವರ್ಷದ ಅದೇ ತಿಂಗಳದ್ದನ್ನ ಕಳೆಯೋದು) ತಗೊಂಡ್ರೆ 12 ಸಾಲು ಹೋಯ್ತು, ಟ್ರೆಂಡಿಗೆ, ಅಂದ್ರೆ ಒಟ್ಟಾರೆ ಏರಿಕೆ-ಇಳಿಕೆಗೆ, ಇನ್ನೊಂದು, 60ರಲ್ಲಿ ಉಳಿಯೋದು 47, ಅದರಲ್ಲಿ ಪಿ, ಕ್ಯೂ ಅನ್ನೋ ಮಾಡೆಲ್ ಸೆಟ್ಟಿಂಗ್ ಬದಲಾಯಿಸ್ತಾ ಎಐಸಿ (ಯಾವ ಸೆಟ್ಟಿಂಗ್ ಮೇಲು ಅಂತ ಹೇಳೋ ಅಂಕ) ನೋಡ್ತಾ ಕೂತ್ರೆ ಒಂದು ವಾರ ಹೋಗಿದ್ದೇ ಗೊತ್ತಾಗಲ್ಲ. 2017ರಲ್ಲಿ ಫೇಸ್‌ಬುಕ್‌ನವರು ಬಿಟ್ಟ ಪ್ರಾಫೆಟ್ ಹತ್ತು ಸಾಲು ಕೋಡಲ್ಲಿ ಮುಗೀತು, ಚಂದದ ಗ್ರಾಫ್ ಬೇರೆ, ಆದ್ರೆ ಅದು ದಿನದ ಡೇಟಾಗೆ ಹೇಳಿ ಮಾಡಿಸಿದ್ದು.

ಮಜಾ ಇಲ್ಲಿಂದ ಶುರು. ಐದನೇ ವರ್ಷದ ಮಧ್ಯೆ ಕೇಸ್ ದಿಢೀರ್ ಅಂತ ಹಾರಿತ್ತು. ಸಾರಿಮಾ, ಹೋಲ್ಟ್-ವಿಂಟರ್ಸ್ ಎರಡೂ ಗೆರೆನ ಮೇಲಕ್ಕೆ ಎಳೆದ್ವು, ಪ್ರಾಫೆಟ್ ಮಾತ್ರ ಸುಮ್ನಿತ್ತು, ಯಾಕಂದ್ರೆ ಡಿಫಾಲ್ಟ್ ಆಗಿ ಅದು ಟ್ರೆಂಡ್ ತಿರುವು ಹುಡುಕೋದು ಮೊದಲ 80% ಡೇಟಾದಲ್ಲಿ, ಅಂದ್ರೆ 48 ತಿಂಗಳಲ್ಲಿ ಮಾತ್ರ. ಪ್ರಾಫೆಟ್ ದಡ್ಡ ಅಂತ ಬೈಕೊಂಡು ರಿಪೋರ್ಟ್ ರೆಡಿ ಮಾಡಿ ರೆಕಾರ್ಡ್ ರೂಮಿಗೆ ಹೋದ್ರೆ ಅಲ್ಲಿನ ಮೇಡಂ, 'ಅಯ್ಯೋ ಸಾರ್, ಹೊಸ ಸಾಫ್ಟ್‌ವೇರ್ ಬಂದಾಗಿಂದ ಫಾಲೋಅಪ್‌ಗೆ ಬಂದವರೂ ಹೊಸ ಕೇಸ್ ಅಂತಾನೇ ಎಂಟ್ರಿ ಆಗ್ತಿದಾರೆ' ಅಂದ್ರು. ಬೆಪ್ಪಾದೆ! ಅಮೆರಿಕದಲ್ಲಿ 2017ರಲ್ಲಿ ಬಿಪಿ ಗಡಿನ 140/90ರಿಂದ 130/80ಕ್ಕೆ ಇಳಿಸಿದಾಗಲೂ ಇದೇ ಕತೆ, ಯಾರ ಬಿಪಿನೂ ಏರದೆ ರೋಗಿಗಳ ಸಂಖ್ಯೆ ರಾತ್ರೋರಾತ್ರಿ ಏರಿತ್ತು.

ರಿಪೀಟ್ ಎಂಟ್ರಿ ತೆಗೆದು, ತಿಂಗಳ ಕೇಸನ್ನ ಒಪಿಡಿ ನಡೆದ ದಿನಕ್ಕೆ ಭಾಗಿಸ್ದೆ (ಫೆಬ್ರವರಿ 'ಇಳಿಕೆ' ಅರ್ಧ ಅಲ್ಲೇ ಮಾಯ). ಆಮೇಲೆ ಸಾರಿಮಾ, ಹೋಲ್ಟ್-ವಿಂಟರ್ಸ್ ಹೆಚ್ಚುಕಮ್ಮಿ ಸಮ, ಪ್ರಾಫೆಟ್ ನೈವ್‌ಗಿಂತ ಕೂದಲೆಳೆ ಮುಂದೆ. ನಾನು ಇಟ್ಕೊಂಡಿದ್ದು ಹೋಲ್ಟ್-ವಿಂಟರ್ಸ್, ಮಟ್ಟ, ಟ್ರೆಂಡ್, ಸೀಸನ್ ಅಂತ ಮೂರೇ ಮಾತಲ್ಲಿ ಹೆಡ್ ನರ್ಸ್‌ಗೆ ವಿವರಿಸಬಹುದು, ಸಾರಿಮಾ ವಿವರಿಸೋಕೆ ಹೋದಾಗ ಅವರು ಎದ್ದು ರೌಂಡ್ಸ್‌ಗೆ ಹೋಗಿಬಿಟ್ರು. ಈಗ ಪ್ರತಿ ತಿಂಗಳು ಮಾಡೆಲ್ ಓಡಿಸೋ ಮೊದಲು ರೆಕಾರ್ಡ್ ರೂಮಿಗೆ ಒಂದು ಫೋನ್, 'ಮೇಡಂ, ಏನಾದ್ರೂ ಬದಲಾಯಿಸಿದೀರಾ?'